ಸೂಜಪ್ಪ ಮಾವನ ಆನೆ ಮರದಿಂದ ಇಳಿಯಿತೇ?

ಒಂದು ಕಾಡಿನಲ್ಲಿ ಒಂದು ವರ್ಷ ಎಂಥಾ ಮಾಗಿಯ ಚಳಿ ಬಿತ್ತೆಂದರೆ, ಹುಲಿ ಬಾಯಿ ತೆರೆದರೆ ಗರ್ಜನೆಯೇ ಬರುತ್ತಿರಲಿಲ್ಲ, ಹಲ್ಲು ಕಟಕಟ ಎಂದು ತಾಳ ಹಾಕುತ್ತಿತ್ತು. ಜಿಂಕೆಗಳು ಓಡುವುದನ್ನು ಬಿಟ್ಟು ಆ ತಾಳಕ್ಕೆ ನಾಲ್ಕು ಹೆಜ್ಜೆ ಕುಣಿದು, ಮೈ ಬಿಸಿ ಮಾಡಿಕೊಂಡು ಮುಂದೆ ಹೋಗುತ್ತಿದ್ದವು. ಹೊಳೆಯ ಮೀನುಗಳು ಬಂಡೆಯ ಮೇಲೆ ಸಾಲಾಗಿ ಕೂತು ಬಿಸಿಲು ಕಾಯಿಸುತ್ತಿದ್ದವು. ನಂಬದವರು ಆ ಹೊಳೆಯ ಯಾವ ಕಪ್ಪೆಯನ್ನಾದರೂ ಕೇಳಬಹುದು. ಕಪ್ಪೆಗಳು ಸುಳ್ಳು ಹೇಳುವುದಿಲ್ಲ, ಒಂದೇ ಮಾತನ್ನು ಸಾವಿರ ಸಲ ಹೇಳುತ್ತವೆ, ಅಷ್ಟೆ.

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಮಾಗಿ ಬಂದ ಕೂಡಲೇ ಚಿಕ್ಕ ಪ್ರಾಣಿಗಳ ತಾಯಂದಿರು ತಮ್ಮ ಮರಿಗಳನ್ನೆಲ್ಲ ಗುಡ್ಡದ ಬುಡದಲ್ಲಿದ್ದ ಒಂದು ದೊಡ್ಡ ಬಿಲಕ್ಕೆ ತಂದು ಬಿಡುತ್ತಿದ್ದರು. ಅದರ ಹೆಸರು ಬೆಚ್ಚನೆಬಿಲ. ಬಿಲದ ಹಿಂದಿನ ಕೋಣೆಯೇ ಉಗ್ರಾಣ. ಮನೆಗೊಬ್ಬರಂತೆ ಕಾಡುಗೆಣಸು, ಬೋರೆಹಣ್ಣು, ಜೋಳದ ತೆನೆ ತಂದು ಅದನ್ನು ತುಂಬುತ್ತಿದ್ದರು. ಚಳಿ ಹೋಗುವವರೆಗೂ ಮರಿಗಳಿಗೆ ಅದೇ ಊಟ. ಆಮೇಲೆ ತಾಯಂದಿರು ಹಾಸಿಗೆಗೆ ಒಣಹುಲ್ಲು ತರಲು ಗುಡ್ಡದಾಚೆ ಹೋಗಿ ಎಂಟನೆಯ ದಿನ ವಾಪಸ್ಸು ಬರುತ್ತಿದ್ದರು. ಅಲ್ಲಿಯವರೆಗೆ ಮರಿಗಳನ್ನೂ ಉಗ್ರಾಣವನ್ನೂ ನೋಡಿಕೊಳ್ಳುವುದು ಸರದಿ ಬಂದ ಹಿರಿಯರ ಕೆಲಸ.

ಆ ವರ್ಷ ಸರದಿ ಬಂದದ್ದು ಮುಳ್ಳುಹಂದಿ ಸೂಜಪ್ಪನಿಗೆ. ಸೂಜಪ್ಪನ ಮೈಮೇಲೆ ಎಷ್ಟು ಮುಳ್ಳಿತ್ತೋ ಬಾಯಲ್ಲಿ ಅಷ್ಟು ಬಡಾಯಿ ಇತ್ತು. ತನ್ನ ಮುಳ್ಳುಗಳು ಬಾಣದ ಹಾಗೆ ಹಾರುತ್ತವೆ, ಒಮ್ಮೆ ಎಸೆದ ಮುಳ್ಳು ಚಂದ್ರನಿಗೆ ತಾಗಿ ಅದರ ಕಲೆ ಈಗಲೂ ಇದೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ನಿಜವಾಗಿ ಅವನ ಒಂದು ಮುಳ್ಳೂ ಯಾವತ್ತೂ ಹಾರಿರಲಿಲ್ಲ.

"ಸೂಜಪ್ಪಣ್ಣ, ಹನ್ನೆರಡು ಮರಿಗಳಿವೆ. ಒಬ್ಬನೇ ಸುಧಾರಿಸುತ್ತೀಯಾ?" ಎಂದು ಮೊಲದಮ್ಮ ಕೇಳಿದಳು.

"ಹನ್ನೆರಡೇ?" ಎಂದ ಸೂಜಪ್ಪ. "ಒಂದು ಕಣ್ಣಿಗೆ ಆರು, ಇನ್ನೊಂದು ಕಣ್ಣಿಗೆ ಆರು. ಇನ್ನೂ ಇದ್ದರೆ ಕಳಿಸು ತಂಗಿ, ಮೂಗು ಖಾಲಿ ಇದೆ."

"ಉಗ್ರಾಣದಲ್ಲಿ ಒಂದು ತೆನೆ ಕಡಿಮೆಯಾದರೂ ಮರಿಗಳು ಕೊನೆಗೆ ಹಸಿದುಕೊಂಡಿರಬೇಕು. ನೆನಪಿರಲಿ."

"ಒಂದು ಕಾಳು ಅಲುಗಿದರೂ ನನ್ನನ್ನು ಸೂಜಪ್ಪ ಅನ್ನಬೇಡ, ಬೋಳಪ್ಪ ಅನ್ನು."

ತಾಯಂದಿರು ಹೋದರು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಸೂಜಪ್ಪನಿಗೆ ಹನ್ನೆರಡು ಎಂದರೆ ಎಷ್ಟು ಎಂದು ಗೊತ್ತಾಯಿತು. ಮುಂಗುಸಿ ಮರಿ ಚುರುಕ ಗೋಡೆ ಹತ್ತಿ ಅವನ ತಲೆಯ ಮೇಲೆ ಹಾರಿದ. ಮೊಲದ ಮರಿ ಬೆಣ್ಣಿ ಅವನ ಮುಳ್ಳುಗಳಿಗೆಲ್ಲ ಒಂದೊಂದು ಬೋರೆಹಣ್ಣು ಚುಚ್ಚಿ ಅಂಗಡಿ ಇಟ್ಟಳು. ಎಲ್ಲರಿಗಿಂತ ಚಿಕ್ಕವಳಾದ ಅಳಿಲ ಮರಿ ಜೀರಿಗೆ ಅವನ ಕಿವಿಯ ಹತ್ತಿರ ಕೂತು, "ಮಾವ, ಹೊರಗೆ ಹೋಗೋಣ. ಮಾವ, ಬೇಜಾರು. ಮಾವ, ಹೊರಗೆ ಹೋಗೋಣ," ಎಂದು ಜಪ ಹಿಡಿದಳು. ಹೊರಗೆ ಹೋದರೆ ಮೂಗು ಉದುರಿ ಬೀಳುವಂಥ ಚಳಿ.

ಅದೇ ಹೊತ್ತಿಗೆ ಬಿಲದ ಬಾಗಿಲಲ್ಲಿ ಯಾರೋ ಕೆಮ್ಮಿದರು. ನರಿ ಥಳಕಯ್ಯ ನಿಂತಿದ್ದ. ಕೈಯಲ್ಲಿ ಒಂದು ಕನ್ನಡಿ. ಕಾಡಂಚಿನ ರಸ್ತೆಯಲ್ಲಿ ಯಾವುದೋ ಲಾರಿಯಿಂದ ಕಳಚಿ ಬಿದ್ದದ್ದು.

"ಸೂಜಪ್ಪನವರೇ, ದೊಡ್ಡ ಮನುಷ್ಯರು ನೀವು. ಈ ಪುಟ್ಟ ಪಿಶಾಚಿಗಳ ಕೈಗೆ ಸಿಕ್ಕಿ ಹೀಗೆ ಸೊರಗುವುದೇ?" ಎಂದ ನರಿ. "ಇದನ್ನು ಬಾಗಿಲ ಮುಂದೆ ಕಟ್ಟಿಕೊಡುತ್ತೇನೆ. ಆಮೇಲೆ ನೀವು ಕಾಲು ಚಾಚಿ ಕೂತರೆ ಸಾಕು."

"ಅದಕ್ಕೆ ನಾನೇನು ಕೊಡಬೇಕು?"

"ಅಯ್ಯೋ, ಮಕ್ಕಳ ವಿಷಯದಲ್ಲಿ ಕೊಡುವುದು ಬಿಡುವುದು ಇದೆಯೇ? ಸುಮ್ಮನೆ ಇಟ್ಟುಕೊಳ್ಳಿ."

ನರಿ ಕನ್ನಡಿಗೆ ಅಲ್ಲಲ್ಲಿ ಕೆಸರು ಮೆತ್ತಿ, ಬಳ್ಳಿಯಲ್ಲಿ ಕಟ್ಟಿ, ಕೊಂಬೆಗೆ ನೇತುಹಾಕಿದ. ಬಿಸಿಲು ಕನ್ನಡಿಗೆ ಬಿತ್ತು. ಬಿಲದ ಗೋಡೆಯ ಮೇಲೆ ಒಂದು ದೊಡ್ಡ ಬೆಳಕು ಮೂಡಿತು. ಗಾಳಿಗೆ ಕನ್ನಡಿ ಆಡಿದಂತೆ ಬೆಳಕು ಓಡಿತು, ಕೆಸರಿನ ನೆರಳುಗಳು ಅದರಲ್ಲಿ ಕುಣಿದವು. ಒಮ್ಮೆ ಹಕ್ಕಿಯ ಹಾಗೆ, ಒಮ್ಮೆ ಜಿಂಕೆಯ ಹಾಗೆ, ಒಮ್ಮೆ ಯಾವುದರ ಹಾಗೂ ಅಲ್ಲ.

ಹನ್ನೆರಡು ಮರಿಗಳೂ ಗಪ್ಪನೆ ಕೂತವು. ಬಾಯಿ ತೆರೆದಿತ್ತು, ಕಣ್ಣು ಗೋಡೆಗೆ ಅಂಟಿತ್ತು. ಜೀರಿಗೆಯ ಜಪ ನಿಂತಿತು.

"ನನಗೆ ಗುಡ್ಡದ ಹಿಂದೆ ಸ್ವಲ್ಪ ಕೆಲಸವಿದೆ," ಎಂದು ನರಿ ಹೊರಟುಹೋದ.

ಸೂಜಪ್ಪ ಕಾಲು ಚಾಚಿದ. ಒಂದು ಸಲ ಉಗ್ರಾಣ ನೋಡಿಬರೋಣ ಎಂದುಕೊಂಡ. ಆದರೆ ಗೋಡೆಯ ಮೇಲೆ ಆಗ ತಾನೇ ಒಂದು ಜಿಂಕೆ ಓಡುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆ ನೋಡಿಯೇ ಏಳೋಣ ಎಂದು ಕೂತ. ಜಿಂಕೆ ಎಲ್ಲಿಗೂ ಹೋಗಲಿಲ್ಲ. ಸೂಜಪ್ಪನೂ ಹೋಗಲಿಲ್ಲ.

ಹೀಗೆ ಆರು ದಿನ ಕಳೆಯಿತು. ಬಿಸಿಲು ಬಂದರೆ ಬೆಳಕು, ಬೆಳಕು ಬಂದರೆ ಮೌನ. ಬಾಗಿಲ ಹತ್ತಿರದ ಬುಟ್ಟಿಯಲ್ಲಿದ್ದ ಗೆಣಸನ್ನೇ ಮರಿಗಳು ಕಣ್ಣು ಕೀಳದೆ ತಿಂದವು. ಸಂಜೆ ಬೆಳಕು ಹೋದ ಕೂಡಲೇ ಒಂದನ್ನೊಂದು ಕಚ್ಚಾಡಿ, ಅತ್ತು, ಮಲಗಿದವು. ಬೆಣ್ಣಿ ಅಂಗಡಿ ಇಡುವುದನ್ನು ಬಿಟ್ಟಳು. ಚುರುಕ ಗೋಡೆ ಹತ್ತುವುದನ್ನು ಮರೆತ. ಮರಿಗಳನ್ನು ಸಾಕುವುದರಲ್ಲಿ ತನ್ನಂಥವನು ಮೂರು ಕಾಡಿನಲ್ಲಿಲ್ಲ ಎಂದು ಸೂಜಪ್ಪ ತಾನೇ ತನಗೆ ಹೇಳಿಕೊಂಡ. ಬೇರೆ ಯಾರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಏಳನೆಯ ದಿನ ಮೋಡ ಕವಿಯಿತು. ಕನ್ನಡಿ ಕಪ್ಪಗೆ ನೇತಾಡಿತು. ಗೋಡೆಯ ಮೇಲೆ ಏನೂ ಬರಲಿಲ್ಲ.

"ಬೆಳಕು ಬೇಕು," ಎಂದಳು ಜೀರಿಗೆ. "ಬೆಳಕು ಬೇಕು," ಎಂದವು ಉಳಿದ ಹನ್ನೊಂದು. ಕೂಗು ಎಷ್ಟಿತ್ತೆಂದರೆ ಗುಡ್ಡದ ತುದಿಯ ಬಂಡೆಯೊಂದು ಕಿವಿ ಮುಚ್ಚಿಕೊಳ್ಳಲು ಮಗ್ಗುಲು ಹೊರಳಿತು.

ಬುಟ್ಟಿ ಖಾಲಿಯಾಗಿತ್ತು. ಏನಾದರೂ ತಿನ್ನಲು ಕೊಟ್ಟು ಸಮಾಧಾನ ಮಾಡೋಣ ಎಂದು ಸೂಜಪ್ಪ ಆರು ದಿನಗಳ ನಂತರ ಉಗ್ರಾಣಕ್ಕೆ ಕಾಲಿಟ್ಟ. ಅಲ್ಲಿಯೇ ನಿಂತುಬಿಟ್ಟ. ಅರ್ಧ ಉಗ್ರಾಣ ಬರಿದಾಗಿತ್ತು. ಹಿಂದಿನ ಗೋಡೆಯಲ್ಲಿ ಒಂದು ಹೊಸ ಕಂಡಿ. ಮಣ್ಣಿನ ಮೇಲೆ ನರಿಯ ಹೆಜ್ಜೆ, ಒಳಗೆ ಬಂದದ್ದು, ಹೊರಗೆ ಹೋದದ್ದು, ಮತ್ತೆ ಬಂದದ್ದು.

ಸೂಜಪ್ಪನ ಮುಳ್ಳುಗಳೆಲ್ಲ ತಲೆ ತಗ್ಗಿಸಿದವು. ಗುಡ್ಡದ ಹಿಂದಿನ ಕೆಲಸ ಏನೆಂದು ಈಗ ತಿಳಿಯಿತು. ನಾಳೆ ತಾಯಂದಿರು ಬರುತ್ತಾರೆ. ಇನ್ನೂ ಅರ್ಧ ಚಳಿಗಾಲ ಬಾಕಿ. ಈ ಪುಟ್ಟ ಹೊಟ್ಟೆಗಳಿಗೆ ಏನು ಹಾಕುವುದು? ಒಂದು ಕಣ್ಣಿಗೆ ಆರು ಎಂದಿದ್ದೆ. ಎರಡು ಕಣ್ಣೂ ಗೋಡೆಯ ಮೇಲಿದ್ದವು.

ಉಳಿದದ್ದನ್ನಾದರೂ ಕಾಯಬೇಕು. ಸೂಜಪ್ಪ ಮರಿಗಳನ್ನೆಲ್ಲ ಕರೆದು ಉಗ್ರಾಣದ ಹೊಸ್ತಿಲಲ್ಲೇ ಗುಂಪಾಗಿ ಕೂರಿಸಿಕೊಂಡ. ಕಣ್ಣಿಗೆ ಕೈ ಕಾಣದಷ್ಟು ಕತ್ತಲು. ಅಳು ನಿಲ್ಲಲಿಲ್ಲ. ಏನು ಮಾಡಲೂ ತೋಚದೆ ಅವನು ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೊರತೆಗೆದ.

"ಇದೂ ಒಂದು ಚಳಿಯೇ?" ಎಂದ. "ನಾನು ಚಿಕ್ಕವನಿದ್ದಾಗ ಬಿತ್ತಲ್ಲ, ಅದು ಚಳಿ. ನೆಲದ ಚಳಿ ತಡೆಯಲಾರದೆ ಒಂದು ಆನೆ ಆಲದ ಮರ ಹತ್ತಿಬಿಟ್ಟಿತು."

ಅಳು ಸ್ವಲ್ಪ ತಗ್ಗಿತು. "ಆನೆ ಮರ ಹತ್ತುವುದಿಲ್ಲ," ಎಂದ ಚುರುಕ.

"ಹಾಗಂತ ಆ ಆನೆಗೆ ಯಾರೂ ಹೇಳಿರಲಿಲ್ಲ."

"ಹೇಗೆ ಹತ್ತಿತು?"

"ಸೊಂಡಿಲನ್ನು ಮೇಲಿನ ಕೊಂಬೆಗೆ ಸುತ್ತಿತು. ಕೆಳಗಿನಿಂದ ನಾನು ಒಂದೇ ಒಂದು ಮುಳ್ಳು ಚುಚ್ಚಿದೆ. ಸರ್ರನೆ ತುದಿಗೆ ಹೋಯಿತು."

ಕತ್ತಲಲ್ಲಿ ನಗು ಕೇಳಿಸಿತು. ಸೂಜಪ್ಪನಿಗೆ ಹುರುಪು ಬಂತು. ಆನೆ ಅಲ್ಲಿ ಗೂಡು ಕಟ್ಟಿತು. ಪಕ್ಕದ ಗೂಡಿನ ಗಿಳಿ ಬಂದು, ನಿನ್ನ ಗೊರಕೆಗೆ ನನ್ನ ಮೊಟ್ಟೆಗಳು ಉರುಳುತ್ತಿವೆ ಎಂದು ಜಗಳ ತೆಗೆಯಿತು. ಆನೆ ಕ್ಷಮೆ ಕೇಳಿ, ತಾನೇ ಮೊಟ್ಟೆಗಳಿಗೆ ಕಾವು ಕೂರುತ್ತೇನೆ ಎಂದಿತು. ಗಿಳಿ ಬೇಡವೇ ಬೇಡ ಎಂದಿತು. ಬೆಣ್ಣಿ ಗಿಳಿಯ ದನಿಯಲ್ಲಿ ಬೈದಳು. ಚುರುಕ ಆನೆಯ ಹಾಗೆ ಗೊರಕೆ ಹೊಡೆದ. ಕಥೆಯಲ್ಲಿ ಗಾಳಿ ಬೀಸಿದಾಗಲೆಲ್ಲ ಮರಿಗಳೇ ಉಫ್ ಎಂದು ಊದಿದವು.

"ಒಂದು ದಿನ ಚಳಿ ಹೋಯಿತು. ಆನೆ ಕೆಳಗೆ ನೋಡಿತು. ತಲೆ ಗಿರ್ರೆಂದಿತು. ಹತ್ತುವುದೇನೋ ಹತ್ತಿದ್ದಾಯಿತು, ಇಳಿಯುವುದು ಹೇಗೆ?"

ಎಲ್ಲರೂ ಉಸಿರು ಹಿಡಿದರು. ಸೂಜಪ್ಪನೂ ಹಿಡಿದ. ಹೇಗೆ ಎಂದು ಅವನಿಗೂ ಗೊತ್ತಿರಲಿಲ್ಲ.

"ಅದಕ್ಕೆ ಮುಂಚೆ ಒಂದು ಆಟ," ಎಂದ ಯೋಚಿಸಲು ಸಮಯ ಸಿಗಲಿ ಎಂದು. "ಯಾರ ಬಾಲ? ಎಲ್ಲರೂ ಸಾಲಾಗಿ ಬಾಲ ಚಾಚಿ ಕೂರಿ. ಸದ್ದು ಮಾಡಬಾರದು. ಜೀರಿಗೆ ಮುಟ್ಟಿ ಮುಟ್ಟಿ ಹೆಸರು ಹೇಳಬೇಕು. ಹನ್ನೊಂದೂ ಸರಿಯಾದರೆ ಅವಳು ರಾಣಿ."

ಜೀರಿಗೆ ಕತ್ತಲಲ್ಲಿ ತಡವುತ್ತ ಹೊರಟಳು. "ಹತ್ತಿಯ ಉಂಡೆ. ಇದು ಬೆಣ್ಣಿ." ಸರಿ. "ಬುಡ ದಪ್ಪ, ತುದಿ ಚೂಪು. ಚುರುಕ." ಸರಿ. "ಸುತ್ತಿಕೊಂಡ ದಾರ. ಹಂದಿಮರಿ." ಸರಿ. ಒಂದೊಂದೇ ಹೆಸರು ಹೇಳುತ್ತ ಉಗ್ರಾಣದ ಒಳಗೆ ಮೂಲೆಯವರೆಗೂ ಹೋದಳು. ಹನ್ನೊಂದೂ ಮುಗಿಯಿತು.

"ಮಾವ," ಎಂದಳು ಮೆಲ್ಲಗೆ. "ಇಲ್ಲಿ ಇನ್ನೊಂದು ಬಾಲ ಇದೆ."

"ಇರಲಾರದು. ಎಣಿಕೆ ತಪ್ಪಿರಬೇಕು."

"ಪೊರಕೆಯಷ್ಟು ದಪ್ಪ ಇದೆ, ಮಾವ. ಬೋರೆಹಣ್ಣಿನ ವಾಸನೆ ಬರುತ್ತಿದೆ. ಬಿಡಲಾ, ಹಿಡಿದುಕೊಂಡಿರಲಾ?"

"ಹಿಡಿದುಕೋ," ಎಂದ ಸೂಜಪ್ಪ.

ಅವನು ಮುಳ್ಳು ಎಸೆಯಲಿಲ್ಲ. ಎಸೆಯಲು ಬರುವುದಿಲ್ಲವಲ್ಲ. ಬೆನ್ನು ತಿರುಗಿಸಿ, ಮುಳ್ಳುಗಳನ್ನೆಲ್ಲ ನಿಲ್ಲಿಸಿ, ಹಿಂದೆ ಹಿಂದೆ ನಡೆದು ಕಂಡಿಗೆ ಅಡ್ಡಲಾಗಿ ಕೂತ. ಅಷ್ಟರಲ್ಲಿ ಹನ್ನೆರಡು ಮರಿಗಳೂ ಆ ಬಾಲಕ್ಕೆ ಜೋತುಬಿದ್ದಿದ್ದವು. ಎಳೆದು ಎಳೆದು ಬಾಗಿಲ ಬೆಳಕಿಗೆ ತಂದರೆ, ಥಳಕಯ್ಯ. ಓಡಲು ನೋಡಿ ಕಂಡಿಯ ಕಡೆ ಒಮ್ಮೆ ನೆಗೆದಿದ್ದರಿಂದ ಮೂಗಿನಲ್ಲಿ ಎರಡು ಮುಳ್ಳು.

"ಮೋಡ ಕವಿದದ್ದು ನಿನಗೆ ಕಾಣಲಿಲ್ಲವೇ? ನಾವು ಹೊಸ್ತಿಲಲ್ಲೇ ಕೂತಿದ್ದೆವಲ್ಲ," ಎಂದ ಸೂಜಪ್ಪ. "ಸದ್ದು ಕೇಳಿ ವಾಪಸ್ಸು ಹೋಗಬಹುದಿತ್ತು."

ನರಿ ನೆಲ ನೋಡಿದ. "ಹೋಗುತ್ತಲೇ ಇದ್ದೆ," ಎಂದ. "ಆನೆ ಮರ ಹತ್ತಿತು ಅಂದಿರಿ. ಇಳಿಯಿತೋ ಇಲ್ಲವೋ ಕೇಳಿಕೊಂಡೇ ಹೋಗೋಣ ಅಂತ ಕೂತೆ, ಮಾವ."

ಇಷ್ಟು ದಿನ ಸೂಜಪ್ಪನವರೇ ಎನ್ನುತ್ತಿದ್ದ ಬಾಯಲ್ಲಿ ಮೊದಲ ಸಲ ಮಾವ ಎಂಬ ಮಾತು ಬಂದಿತ್ತು.

ಸೂಜಪ್ಪ ಮುಳ್ಳು ಕಿತ್ತುಕೊಟ್ಟ. "ತಿಂದಷ್ಟನ್ನೂ ನೀನೇ ಅಗೆದು ತಂದು ತುಂಬಬೇಕು. ತುಂಬಿದ ಮೇಲೆ ಆನೆಯ ವಿಷಯ," ಎಂದ. ನರಿ ಅಂದೇ ಗೆಣಸು ಅಗೆಯಲು ಓಡಿದ. ಸೂಜಪ್ಪ ಕನ್ನಡಿಯನ್ನು ಇಳಿಸಿ ಕಂಡಿಗೆ ಮುಚ್ಚಿ ಮಣ್ಣು ಮೆತ್ತಿದ.

ಮರುದಿನ ತಾಯಂದಿರು ಹುಲ್ಲು ಹೊತ್ತು ಬಂದರು. ಬಿಲದಲ್ಲಿ ಒಂದು ಆನೆ, ನಾಲ್ಕು ಗಿಳಿ, ಒಂದು ಆಲದ ಮರ ಸೇರಿ ಭಾರಿ ಗದ್ದಲ ಮಾಡುತ್ತಿದ್ದವು. ತಾಯಂದಿರು ಬಂದದ್ದನ್ನು ಮೊದಲು ಯಾರೂ ಗಮನಿಸಲೇ ಇಲ್ಲ. ಮೊಲದಮ್ಮ ನೇರ ಉಗ್ರಾಣಕ್ಕೆ ಹೋಗಿ ನೋಡಿ ಬಂದಳು.

"ಸೂಜಪ್ಪಣ್ಣ, ಉಗ್ರಾಣ ಅರ್ಧ ಖಾಲಿ."

ಸೂಜಪ್ಪ ಗಂಟಲು ಸರಿಮಾಡಿಕೊಂಡ. ಹುಟ್ಟಿದಾಗಿನಿಂದ ಮೊದಲ ಬಾರಿಗೆ ಏನೂ ಸೇರಿಸದೆ, ನಡೆದದ್ದನ್ನು ನಡೆದ ಹಾಗೆ ಹೇಳಿದ. ತಾನು ಬಾಯಿ ತೆರೆದುಕೊಂಡು ಗೋಡೆ ನೋಡಿದ್ದನ್ನೂ ಹೇಳಿದ. "ತಪ್ಪು ನನ್ನದು, ತಂಗಿ. ಬೋಳಪ್ಪ ಅಂತಲೇ ಕರೆ," ಎಂದ.

ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಲದಮ್ಮ ಸೊಂಟಕ್ಕೆ ಕೈಯಿಟ್ಟಳು. "ಚಂದ್ರನಿಗೆ ಮುಳ್ಳು ಹೊಡೆದದ್ದನ್ನು ನಂಬಿದೆವು. ಕಳ್ಳನರಿ ಕಥೆ ಕೇಳಲು ಕೂತು ಸಿಕ್ಕಿಬಿದ್ದಿತು ಅಂದರೆ ಯಾರು ನಂಬುತ್ತಾರೆ? ಸುಳ್ಳು ಹೇಳಿದರೂ ಒಂದು ಲೆಕ್ಕ ಬೇಡವೇ?"

ಅಷ್ಟರಲ್ಲಿ ಬಾಗಿಲಲ್ಲಿ ದೊಪ್ಪನೆ ಏನೋ ಬಿತ್ತು. ಗೆಣಸಿನ ದೊಡ್ಡ ಹೊರೆ. ಅದರ ಹಿಂದೆ, ಮೈಯೆಲ್ಲ ಮಣ್ಣಾಗಿ, ಮೂಗು ಊದಿಕೊಂಡ ಥಳಕಯ್ಯ.

"ಮಾವ, ಇದು ಐದನೆಯ ಹೊರೆ," ಎಂದ ಏದುಸಿರು ಬಿಡುತ್ತ. "ಈಗಲಾದರೂ ಹೇಳಿ. ಆನೆ ಇಳಿಯಿತೇ?"

ಸೂಜಪ್ಪ ಮೊಲದಮ್ಮನ ಮುಖ ನೋಡಿದ, ಇನ್ನೂ ತುಂಬದ ಉಗ್ರಾಣ ನೋಡಿದ, ಮೀಸೆ ತೀಡಿದ.

"ಒಂದು ಕಾಲು ಕೆಳಗಿಟ್ಟಿದೆ," ಎಂದ. "ಇನ್ನೂ ಮೂರು ಕಾಲು ಬಾಕಿ ಇದೆ. ಹೋಗಿ ಬಾ."

ನೀತಿ: ಸುಮ್ಮನೆ ಸಿಕ್ಕ ಥಳಕಿಗೆ ಮಕ್ಕಳನ್ನು ಒಪ್ಪಿಸಿ ಕೂತರೆ ಮನೆಯೇ ಖಾಲಿಯಾಗುತ್ತದೆ; ಅವರ ಜೊತೆ ಕೂತು ಕಥೆ ಹೇಳಿದರೆ, ಆಟ ಆಡಿದರೆ, ಎಂಥ ಚಳಿಯೂ ಕಳೆಯುತ್ತದೆ, ಎಂಥ ಕಳ್ಳನೂ ಸಿಗುತ್ತಾನೆ.