ಕರಡಿಯ ಎದೆಯ ಮೇಲಿನ ಸಿಂಬೆ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ ಅದು. ಬಂಡೆಯನ್ನು ಒತ್ತಿದರೆ ಬೆರಳಿನ ಗುರುತು ಮೂಡುತ್ತಿತ್ತು. ನಮ್ಮೂರ ಗುಡ್ಡದ ಬಂಡೆಗಳಲ್ಲಿ ಇವತ್ತಿಗೂ ಕುಳಿಗಳಿವೆಯಲ್ಲ, ಅವು ಆಗ ಬಿದ್ದವು. ಬೇರೆ ಊರಿನವರು ತಮ್ಮ ಗುಡ್ಡವೇ ಹಳೆಯದು ಅನ್ನುತ್ತಾರೆ. ಅನ್ನಲಿ ಬಿಡಿ. ಈ ಕಥೆ ನಡೆದದ್ದು ನಮ್ಮ ಗುಡ್ಡದಲ್ಲೇ, ಇದನ್ನು ಸರಿಯಾಗಿ ಹೇಳಬಲ್ಲವನೂ ನಾನೊಬ್ಬನೇ. ಬಾಯಿ ಮುಚ್ಚಿಕೊಂಡು ಕೇಳಿ ಮಕ್ಕಳೇ.

ಆಗ ಕರಡಿ ಎರಡು ಕಾಲಿನ ಮೇಲೆ ನಡೆಯುತ್ತಿತ್ತು. ಬೆನ್ನು ನೆಟ್ಟಗೆ, ತಲೆ ಮೇಲೆ ಸಿಂಬೆ, ಸಿಂಬೆ ಮೇಲೆ ಜೇನಿನ ಗಡಿಗೆ. ಸಿಂಬೆ ಗೊತ್ತಲ್ಲ? ಹೊರೆ ಜಾರದಿರಲಿ ಅಂತ ತಲೆ ಮೇಲೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ. ಕರಡಿಯದು ಬೆಳ್ಳನೆಯ ಸಿಂಬೆ. ಅವಳನ್ನು ಎಲ್ಲರೂ ಕರಡವ್ವ ಅನ್ನುತ್ತಿದ್ದರು.

ಗುಡ್ಡದ ಕೆಳಗೆ ಹಳ್ಳ. ಹಳ್ಳದ ಆಚೆ ದಡದಲ್ಲಿ ಊರು. ಊರಿನವರು ಎಲ್ಲವನ್ನೂ ತಲೆ ಮೇಲೆ ಹೊರುತ್ತಿದ್ದರು. ನೀರೂ ತಲೆ ಮೇಲೆ, ಸೌದೆಯೂ ತಲೆ ಮೇಲೆ, ಹುಲ್ಲೂ ತಲೆ ಮೇಲೆ. ತಲೆಹೊರೆಗೆ ಬೆನ್ನು ನೆಟ್ಟಗಿರಬೇಕು. ಹೊತ್ತು ಹೊತ್ತು ಅವರಿಗೆ ಎಂಥ ಜಂಬ ಬಂತೆಂದರೆ, ಬೆನ್ನು ನೆಟ್ಟಗಿದ್ದವರು ನಮ್ಮವರು, ಬಗ್ಗಿದ್ದೆಲ್ಲ ಮೃಗ ಅಂತ ತೀರ್ಮಾನ ಮಾಡಿಬಿಟ್ಟರು!

ಹಳ್ಳದ ದಡದಲ್ಲಿ ಬೊಮ್ಮಣ್ಣ ಅನ್ನುವವನನ್ನು ಕಾವಲಿಗೆ ಕೂರಿಸಿದರು. ಅವನ ಕೈಯಲ್ಲಿ ಒಂದು ಒಣ ಸೋರೆ ಬುರುಡೆ. ಊರಿಗೆ ಯಾರೇ ಬರಲಿ, ಬುರುಡೆಯನ್ನು ಅವರ ತಲೆ ಮೇಲೆ ಇಡುತ್ತಿದ್ದ.

"ನಿಂತರೆ ಬಾ, ಬಿದ್ದರೆ ಹೋಗು," ಅನ್ನುತ್ತಿದ್ದ.

ಮೇಕೆ ಬಂತು. ಬುರುಡೆ ಬಿತ್ತು. ಹಂದಿ ಬಂತು. ಬುರುಡೆ ಬಿತ್ತು. ಕರಡವ್ವ ಬಂದಳು. ಬುರುಡೆ ಅಲುಗಲೂ ಇಲ್ಲ.

"ಬಾರವ್ವ, ನೀನು ನಮ್ಮವಳು," ಅಂದ ಬೊಮ್ಮಣ್ಣ.

ಕರಡವ್ವ ಊರಿಗೆಲ್ಲ ಜೇನು ಹಂಚುತ್ತಿದ್ದಳು. ಬೊಮ್ಮಣ್ಣನ ತಾಯಿ ತಿಪ್ಪವ್ವನಿಗೆ ಮಾತ್ರ ಮನೆಯೊಳಕ್ಕೇ ಹೋಗಿ ಕೊಡಬೇಕಿತ್ತು. ಮುದುಕಿಯ ಬೆನ್ನು ವಯಸ್ಸಿಗೆ ಬಾಗಿತ್ತು. ಬುರುಡೆ ಬೀಳುತ್ತದೆ ಅಂತ ಹೆದರಿ ಮಗ ಅವಳನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ.

"ಹೊರಗೆ ಬಿಸಿಲು ಹೇಗಿದೆಯೇ ಕರಡವ್ವ?" ಅಂತ ಕೇಳುತ್ತಿದ್ದಳು ತಿಪ್ಪವ್ವ.

"ಚೆನ್ನಾಗಿದೆ ಅವ್ವ, ಬಂದು ಕಾಯಿಸಿಕೋ."

"ಬರ್ತಿದ್ದೆ ಕಣೇ. ನನ್ನ ಮಗ ಇದಾನಲ್ಲ, ದೊಡ್ಡ ಮನುಷ್ಯ."

ಹೀಗಿರುವಾಗ ಒಂದು ಮುಂಗಾರಿನಲ್ಲಿ ಕರಡವ್ವ ಎರಡು ಮರಿ ಹಾಕಿದಳು. ಮರಿಗಳು ಕಣ್ಣು ಬಿಟ್ಟು ಸ್ವಲ್ಪ ದಿನವಾಗಿತ್ತು ಅಷ್ಟೇ. ಮಳೆ ಹಿಡಿಯಿತು. ಅಂಥಿಂಥ ಮಳೆಯಲ್ಲ. ಅವಳು ಮಲಗುತ್ತಿದ್ದ ಪೊಟರೆಗೆ ನೀರು ನುಗ್ಗಿತು. ಅವಳಿಗೆ ಗೊತ್ತಿದ್ದ ಮರೆ ಅಂದರೆ ಆಚೆ ದಡದ ಊರೊಂದೇ.

"ಏ ಹಳ್ಳ, ಸ್ವಲ್ಪ ತಡಿಯೇ!" ಅಂತ ಕೂಗಿದಳು.

"ನಾನೇನು ಮಾಡಲಿ ಅಕ್ಕಾ? ಮೇಲಿಂದ ಮಳೆ ನೂಕ್ತಾ ಇದೆ. ಬೇಗ ದಾಟು, ಇನ್ನೂ ಏರ್ತೀನಿ," ಅಂದಿತು ಹಳ್ಳ.

ಗಡಿಗೆ ಇಳಿಸಿ ಒಂದು ಮರಿಯನ್ನು ಸಿಂಬೆಯ ಮೇಲೆ ಕೂರಿಸಬಹುದಿತ್ತು. ಇನ್ನೊಂದನ್ನು? ಕಂಕುಳಲ್ಲಿ ಎತ್ತಿಕೊಳ್ಳೋಣವೆಂದರೆ ಸೆಳವಿನಲ್ಲಿ ಬಂಡೆ ಹಿಡಿಯಲು ಎರಡೂ ಕೈ ಬೇಕು. ಕರಡವ್ವ ಒಂದು ಗಳಿಗೆ ನಿಂತಳು. ಆಮೇಲೆ ಹುಟ್ಟಿದ ಮೇಲೆ ಮೊದಲ ಸಲ ಬೆನ್ನು ಬಗ್ಗಿಸಿದಳು.

"ಹತ್ತಿ ಮಕ್ಕಳೇ. ಕೂದಲು ಗಟ್ಟಿಯಾಗಿ ಹಿಡ್ಕೊಳ್ಳಿ."

ಮರಿಗಳು ಹತ್ತಿದವು. ಬಗ್ಗಿದ ರಭಸಕ್ಕೆ ತಲೆ ಮೇಲಿದ್ದ ಗಡಿಗೆ ಉರುಳಿ ಜೇನು ಎದೆಯ ಮೇಲೆಲ್ಲ ಸುರಿಯಿತು. ಸಿಂಬೆ ತಲೆಯಿಂದ ಜಾರಿ ಕೊರಳಿಗೆ ಬಿದ್ದು, ಎದೆಯ ಜೇನಿಗೆ ಮೆತ್ತಿಕೊಂಡಿತು. ಯಾರಿಗೆ ಬೇಕು ಸಿಂಬೆ ಆಗ! ಕೈಕಾಲು ನಾಲ್ಕೂ ಊರಿಕೊಂಡು, ಬಂಡೆಯಿಂದ ಬಂಡೆಗೆ ಕೈ ಚಾಚಿ, ಹಳ್ಳದ ನಡುವಿಗೆ ಬಂದಳು.

ದಡದಲ್ಲಿ ಬೊಮ್ಮಣ್ಣ ಬುರುಡೆ ಹಿಡಿದು ನಿಂತಿದ್ದ. ಹಿಂದೆ ಊರಿನವರು.

"ಅಯ್ಯಯ್ಯೋ, ಏನೋ ಬಗ್ಗಿಕೊಂಡು ಬರ್ತಾ ಇದೆ! ಮೃಗ, ಮೃಗ!"

"ಮೃಗ ಅಲ್ಲ ಕಣೋ ಬೊಮ್ಮಣ್ಣ, ನಾನು! ನಿನ್ನೆ ನಿನ್ನ ಕೈ ತುಂಬ ಜೇನು ಹಾಕಿದೆನಲ್ಲ!"

"ಕರಡವ್ವ ನೆಟ್ಟಗೆ ಬರ್ತಾಳೆ. ನೀನು ಯಾರೋ ಬಗ್ಗಿರೋಳು."

"ಬೆನ್ನ ಮೇಲೆ ಮಕ್ಕಳಿದಾವೆ, ಕಣ್ಣು ಕಾಣಲ್ವಾ?"

"ಅದೆಲ್ಲ ಬೇಡ. ನೆಟ್ಟಗೆ ನಿಲ್ಲು, ಬುರುಡೆ ಇಡ್ತೀನಿ."

ನೋಡಿ, ಇಲ್ಲಿಗೆ ಬಂದರೆ ನನಗೆ ಪ್ರತಿ ಸಲವೂ ಮೈ ಉರಿಯುತ್ತದೆ. ನೆಟ್ಟಗೆ ನಿಂತರೆ ಮರಿಗಳು ಹಳ್ಳದ ಪಾಲು. ನಿಲ್ಲದಿದ್ದರೆ ದಡಕ್ಕೆ ಬಿಡುವುದಿಲ್ಲ. ಹಿಂದೆ ಪೊಟರೆ ಮುಳುಗಿದೆ.

ಹಳ್ಳಕ್ಕೇ ತಡೆಯಲಾಗಲಿಲ್ಲ. "ಅವಳೇ ಕಣ್ರೋ! ದಿನಾ ನನ್ನ ದಾಟಿಕೊಂಡು ಬರೋಳು ನನಗೆ ಗೊತ್ತಿಲ್ವಾ?" ಅಂತ ಅರಚಿತು.

"ನೀನು ಸುಮ್ನಿರು," ಅಂದ ಬೊಮ್ಮಣ್ಣ. "ಹುಟ್ಟಿದಾಗಿನಿಂದ ಸೊಟ್ಟಗೆ ಹರಿಯೋಳು, ನಿನ್ನ ಮಾತು ಯಾರು ನಂಬ್ತಾರೆ?"

ಊರಿನವರು ಮುಳ್ಳಿನ ಕಂಪೆ ತಂದು ದಾರಿಗೆ ಹಾಕಿದರು. ಯಾರೋ ಕಲ್ಲೂ ಬೀಸಿದರು. ಕಲ್ಲು ಮರಿಗೆ ತಾಗದಿರಲಿ ಅಂತ ಕರಡವ್ವ ಮುಖ ಅಡ್ಡ ಕೊಟ್ಟಳು.

"ನಿಮ್ಮ ಬುರುಡೆ ನೀವೇ ಇಟ್ಕೊಳ್ಳಿ!" ಅಂದು ತಿರುಗಿದಳು. ಬಗ್ಗಿಕೊಂಡೇ ಗುಡ್ಡ ಹತ್ತಿದಳು. ಕೈಕಾಲು ಜಾರಿತು. ಮರಿಗಳು ಅತ್ತವು. ಆಗ ತುದಿಯ ದೊಡ್ಡ ಬಂಡೆ ಮಾತಾಡಿತು.

"ನನ್ನ ಕೆಳಗೊಂದು ಗವಿ ಇದೆ, ಬಾ ತಾಯಿ. ಬಾಯಿ ಮಾತ್ರ ಗಿಡ್ಡ. ಇಲ್ಲಿ ಯಾರೇ ಬಂದರೂ ಬಗ್ಗಿಯೇ ಬರಬೇಕು."

ಕರಡವ್ವ ಒಳಗೆ ಹೋದಳು. ಒಳಗೆ ಒಣ ನೆಲ. ಮರಿಗಳು ಅವಳ ಹೊಟ್ಟೆಗೆ ಒತ್ತಿಕೊಂಡು ನಿದ್ದೆ ಹೋದವು.

ಇಳಿಹೊತ್ತಿಗೆ ಹಳ್ಳ ದಡ ಮೀರಿತು. ಊರೊಳಗೆ ನೀರು. ಗಡಿಗೆ, ಹುಲ್ಲು, ಬುರುಡೆ ಎಲ್ಲ ತೇಲಿತು. ಊರಿನವರು ಕೈಗೆ ಸಿಕ್ಕ ಮರ ಹತ್ತಿದರು. ಬೊಮ್ಮಣ್ಣ ಅವ್ವನನ್ನು ಎತ್ತಿಕೊಂಡು ಮನೆಯ ಹುಲ್ಲಿನ ಮಾಡಿಗೆ ಹತ್ತಿದ. ಮಾಡು ಕಿತ್ತುಕೊಂಡು ತೇಲಿ, ಗುಡ್ಡದ ಬುಡಕ್ಕೆ ಹೋಗಿ ಬಡಿಯಿತು. ಮೇಲಕ್ಕೆ ಹತ್ತದೆ ದಾರಿಯಿಲ್ಲ. ಮುದುಕಿಯನ್ನು ತಲೆ ಮೇಲೆ ಹೊರೋಕಾಗುತ್ತದೆಯೇ? ಬೆನ್ನ ಮೇಲೆ ಹಾಕಿಕೊಂಡ. ನಾಲ್ಕೂ ಊರಿಕೊಂಡು ಹತ್ತಿದ.

ಗವಿಯ ಬಾಯಲ್ಲಿ ಕರಡವ್ವ ನಿಂತಿದ್ದಳು.

"ಯಾರದು, ಬಗ್ಗಿಕೊಂಡು ಬರ್ತಿರೋದು? ನೆಟ್ಟಗೆ ನಿಲ್ಲು, ನೋಡೋಣ."

"ಹೇಗೆ ನಿಲ್ಲಲಿ ತಾಯಿ? ಅವ್ವ ಬೀಳ್ತಾಳೆ!"

ಅಂದವನಿಗೆ ತಾನೇನು ಅಂದೆ ಅನ್ನುವುದು ಆಗ ತಿಳಿಯಿತು.

ಬೆನ್ನ ಮೇಲಿಂದ ತಿಪ್ಪವ್ವ ಅವನ ನೆತ್ತಿಗೆ ಮೊಟಕಿದಳು. "ಮುಂಡೇದೇ, ಇಷ್ಟು ವರ್ಷದಿಂದ ನಾನೂ ಬಗ್ಗಿದ್ದೀನಿ. ಯಾರನ್ನಾದರೂ ಕಚ್ಚಿದ್ನಾ?"

ಕರಡವ್ವನಿಗೆ ನಗು ಬರಲಿಲ್ಲ. ಕೈಯೆತ್ತಿ ಒಂದು ಬಿಟ್ಟಿದ್ದರೆ ಬೊಮ್ಮಣ್ಣ ಹಳ್ಳದಲ್ಲಿರುತ್ತಿದ್ದ. ನಾನಾಗಿದ್ದರೆ ಬಿಡುತ್ತಿದ್ದೆ. ಅವಳು ಮುದುಕಿಯ ಕಡೆ ನೋಡಿದಳು, ಉಸ್ಸೆಂದಳು, ಪಕ್ಕಕ್ಕೆ ಸರಿದಳು.

"ಬಾ ಅವ್ವ. ತಲೆ ನೋಡ್ಕೊ, ಬಾಯಿ ಗಿಡ್ಡ."

ನೀರು ಇಳಿಯಿತು. ಇಲ್ಲಿಗೆ ಬುದ್ಧಿ ಬಂತು ಅಂದುಕೊಂಡಿರಾ? ಎಲ್ಲಿ ಬಂತು! ಮರದಿಂದ ಇಳಿದವರೆಲ್ಲ ಮತ್ತೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಎಲ್ಲಿದ್ದೆ ಅಂತ ಕೇಳಿದರೆ ಬೊಮ್ಮಣ್ಣ "ಗವಿಯಲ್ಲಿದ್ದೆ" ಅಂದನೇ ಹೊರತು ಯಾರ ಗವಿ ಅನ್ನಲಿಲ್ಲ. ಸುಗ್ಗಿ ಮುಗಿದ ಮೇಲೆ ಊರಿನವರು ಬಯಲಾಟ ಕಟ್ಟಿದರು. ಹಳ್ಳ ದಾಟಿ ಬಂದ ರಕ್ಕಸಿಯ ಆಟ. ಮುಖಕ್ಕೆ ಮಸಿ, ಕೈಗೆ ಉಗುರು, ಬೆನ್ನು ಗೂನು. ಹೊಸಿಲಲ್ಲಿ ಕೂತ ತಿಪ್ಪವ್ವ "ಅವಳು ಬಗ್ಗಿದ್ದು ಮಕ್ಕಳನ್ನ ಹೊರೋಕೆ ಕಣ್ರೋ!" ಅಂತ ಕೂಗಿದಳು. ಮದ್ದಳೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಆ ಆಟ ಇನ್ನೂ ಮುಗಿದಿಲ್ಲ, ರಕ್ಕಸಿ ಹೋಗಿ ರಕ್ಕಸ ಬಂದಿದ್ದಾನೆ ಅಷ್ಟೇ. ಮೊನ್ನೆ ತಾಲೀಮಿನಲ್ಲಿ ನಮ್ಮ ಆಟದ ಮೇಷ್ಟ್ರು ನನಗೆ ರಕ್ಕಸನ ಪಾತ್ರ ಕೊಟ್ಟರು. ಇಂಥ ಎದೆ, ಇಂಥ ದನಿ ಇರುವವನಿಗೆ ಬೇರೆ ಯಾವ ಪಾತ್ರ ಕೊಟ್ಟಾರು! ಆದರೆ ಕೋಲಿನಿಂದ ಬೆನ್ನು ಒತ್ತಿ, "ಬಗ್ಗೋ, ಕಾಡಿನವನು ನೀನು," ಅಂದರು. ನಾನು ಅಂದೆ, "ಬಗ್ತೀನಿ ಮೇಷ್ಟ್ರೇ. ಬೆನ್ನ ಮೇಲೆ ಯಾವ ಮಗೂನ ಕೂರಿಸ್ತೀರಿ?"

ಕರಡವ್ವ ಆಮೇಲೆ ಬೆನ್ನು ನೆಟ್ಟಗೆ ಮಾಡಲೇ ಇಲ್ಲ. ಅದಕ್ಕೇ ಮಕ್ಕಳೇ, ಇವತ್ತಿಗೂ ನಮ್ಮ ಗುಡ್ಡದ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ಬಗ್ಗಿಕೊಂಡೇ ನಡೆಯುತ್ತದೆ. ಮನುಷ್ಯ ಕಂಡರೆ ಮಾತ್ರ ಒಂದು ಗಳಿಗೆ ಎದ್ದು ನಿಂತು, ಎದೆಗೆ ಅಂಟಿದ ಬೆಳ್ಳನೆಯ ಸಿಂಬೆಯನ್ನು ತೋರಿಸುತ್ತದೆ, ಈಗಲಾದರೂ ಗುರುತು ಸಿಕ್ಕಿತೇನೋ ಅಂತ. ನಾವು ಮಾತ್ರ ಇವತ್ತಿಗೂ "ಮೃಗ, ಮೃಗ" ಅಂತ ಕೂಗಿಕೊಂಡು ಓಡುತ್ತೇವೆ.