ಟೈಲ್ಸ್ ಕೊಯ್ದ ತಿಪ್ಪೇಶಿ

ಮಾರಕ್ಕನಿಗೆ ಇದ್ದವನು ಒಬ್ಬನೇ ಮಗ, ತಿಪ್ಪೇಶಿ. ತಿಪ್ಪೇಶಿಗೆ ಇದ್ದದ್ದು ಒಂದೇ ಗುಣ: ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು. ಆರು ಕಡೆ ಕೆಲಸಕ್ಕೆ ಹೋದ, ಆರೂ ಕಡೆ ಓಡಿಸಿದರು. ಕೊನೆಗೆ ಮಾರಕ್ಕ ಟೈಲ್ಸ್ ಹಾಕುವ ಬಶೀರ್ ಮೇಸ್ತ್ರಿಯ ಕೈಕಾಲು ಹಿಡಿದಳು.

“ಶುಕ್ರವಾರ ಸುಗುಣಮ್ಮನವರ ಗೃಹಪ್ರವೇಶ. ಅಷ್ಟರೊಳಗೆ ಅಡುಗೆಮನೆ ಮುಗಿದರೆ ಇವನನ್ನ ಇಟ್ಕೋತೀನಿ. ಇಲ್ಲದಿದ್ರೆ ಇಲ್ಲ!” ಎಂದ ಮೇಸ್ತ್ರಿ.

ಸುಗುಣಮ್ಮನವರ ಮನೆಯಲ್ಲಿ ಇದ್ದದ್ದು ಮರ ಕೊಯ್ಯುವ ಹಲ್ಲಿನ ಚಕ್ರ ಹಾಕಿದ್ದ ಕೈಮಿಷನ್. ತಿಪ್ಪೇಶಿ ಅದನ್ನೇ ಟೈಲ್ಸ್ ಮೇಲೆ ಓಡಿಸಿದ. ಟಣ್! ಮೂರು ಚೂರು.

“ಲೋ ಪೆದ್ದೇ! ಹೊಸ ಕೆಲಸಕ್ಕೆ ಮುಂಚೆ ಹಳೇ ಚಕ್ರ ಬಿಚ್ಚಬೇಕು ಕಣೋ!”

“ಆಗಲಿ ಮೇಸ್ತ್ರಿ!”

ಮರುದಿನ ಮೇಸ್ತ್ರಿ ಹೇಳಿದ, “ನನ್ನ ಸೈಕಲ್ ತಗೊಂಡು ಹೋಗಿ ಟೈಲ್ಸ್ ಕೊಯ್ಯೋ ಚಕ್ರ ತಾ.” ಹೊಸ ಕೆಲಸ! ತಿಪ್ಪೇಶಿ ಸೈಕಲ್ಲಿನ ಎರಡೂ ಚಕ್ರ ಬಿಚ್ಚಿಟ್ಟು, ಉಳಿದದ್ದನ್ನು ಹೆಗಲ ಮೇಲೆ ಹೊತ್ತು ಅಂಗಡಿಗೆ ಹೋಗಿ ಬಂದ.

“ಅಯ್ಯೋ ಅವಿವೇಕಿ! ಇರೋದನ್ನ ಬಿಚ್ಚಬೇಡ, ಇಲ್ಲದ್ದನ್ನ ಸೇರಿಸೋ!”

“ಆಗಲಿ ಮೇಸ್ತ್ರಿ!”

ಮಿಷನ್ನಿನ ಹಳೇ ಚಕ್ರ ಬಿಚ್ಚಲಿಲ್ಲ. ಅದರ ಪಕ್ಕದಲ್ಲೇ ಹೊಸದನ್ನೂ ಸೇರಿಸಿದ. ಮಿಷನ್ ಕಿರುಚಿತು, ಹೊಗೆ ಬಂತು. ಮಾರಕ್ಕ ಓಡಿ ಬಂದು ಹಣೆ ಹಣೆ ಬಡಿದುಕೊಂಡಳು.

ಮೇಸ್ತ್ರಿ ತಾನೇ ಹಳೇ ಚಕ್ರ ತೆಗೆದ. ಮುಚ್ಚಳಕ್ಕೆ ತೂತು ಮಾಡಿದ ನೀರಿನ ಬಾಟಲಿಯೊಂದನ್ನು ಮಿಷನ್ ಮೇಲೆ ತಲೆಕೆಳಗಾಗಿ ಕಟ್ಟಿದ. “ನೋಡು, ಬಿಸಿ ಏರೋದು ಕಂಡ ಕೂಡಲೇ ಬಾಟಲಿ ಅಮುಕಿ ನೀರು ಹನಿಸು. ಯಾರು ಏನೇ ಅಂದರೂ ನಿಲ್ಲಿಸಬೇಡ!”

ಹನಿಸಿದ, ಕೊಯ್ದ. ಹನಿಸಿದ, ಕೊಯ್ದ. ದೂಳಿಲ್ಲ, ಬಿರುಕಿಲ್ಲ, ಬೆಣ್ಣೆ ಕೊಯ್ದ ಹಾಗೆ! ಗುರುವಾರ ಸಂಜೆಗೆ ಅಡುಗೆಮನೆ ಥಳಥಳ.

“ಶಹಬ್ಬಾಸ್! ನಾಳೆ ಗೃಹಪ್ರವೇಶ ಸಾಂಗವಾಗಿ ಆಗಲಿ, ಆಮೇಲೆ ನೀನು ನನ್ನವನೇ!” ಎಂದ ಮೇಸ್ತ್ರಿ.

ಶುಕ್ರವಾರ ಸುಗುಣಮ್ಮ ಹೊಸ ಒಲೆಯ ಮೇಲೆ ಹಾಲಿಟ್ಟರು. ಹೊಸ ಮನೆಯಲ್ಲಿ ಹಾಲು ಉಕ್ಕಿದರೇ ಶುಭ. “ನೋಡ್ತಿರಪ್ಪ,” ಎಂದು ತಿಪ್ಪೇಶಿಯನ್ನು ಒಲೆಯ ಮುಂದೆ ಕೂರಿಸಿ ಪೂಜೆಗೆ ಹೋದರು.

“ಉಕ್ಕಿತೇನಪ್ಪಾ?” ಎಂದರು ಪುರೋಹಿತರು.

“ಇಲ್ಲ ಸ್ವಾಮಿ!”

ಅರ್ಧ ಗಂಟೆಯಾಯಿತು. “ಈಗಲಾದರೂ ಉಕ್ಕಿತೇ?”

“ನಾನಿರುವಾಗ ಹೇಗೆ ಉಕ್ಕುತ್ತೆ ಸ್ವಾಮಿ!”

ಮಾರಕ್ಕ ಬಾಗಿಲಲ್ಲಿ ಇಣುಕಿ ನೋಡಿದಳು. ಮಗನ ಕೈಯಲ್ಲಿ ಮಿಷನ್ನಿನ ಆ ತೂತು ಬಾಟಲಿ! ಹಾಲು ಮೇಲೇರುತ್ತದೆ, ಅವನು ನೀರು ಹನಿಸುತ್ತಾನೆ, ಹಾಲು ಇಳಿಯುತ್ತದೆ.

“ಅಯ್ಯೋ, ನಿಲ್ಸೋ!”

“ಯಾರೇನಂದ್ರೂ ನಿಲ್ಸಲ್ಲವ್ವಾ!”

ಇನ್ನಷ್ಟು ನೀರು ಸುರಿದ. ಪಾತ್ರೆ ಕಂಠಮಟ್ಟ ತುಂಬಿ, ಬೆಳ್ಳಗೆ ನಾಲ್ಕೂ ಕಡೆ ಹರಿಯಿತು.

“ಉಕ್ಕಿತು! ಉಕ್ಕಿತು!” ಹೆಂಗಸರೆಲ್ಲ ಆರತಿ ಹಿಡಿದು ಬಂದರು. ಪುರೋಹಿತರು ಗಂಟೆ ಬಾರಿಸಿದರು. ಮೇಸ್ತ್ರಿ ಕುಣಿದ.

ಮನೆ ತುಂಬ ನಗು. ತಿಪ್ಪೇಶಿ ಒಬ್ಬನೇ ಬಿಕ್ಕಿ ಬಿಕ್ಕಿ ಅಳುತ್ತಿದ್ದ: “ಕ್ಷಮಿಸಿ ಮೇಸ್ತ್ರಿ! ಎರಡು ಬಾಟಲಿ ಹನಿಸಿದೆ, ಆದ್ರೂ ಉಕ್ಕೇಬಿಡ್ತು!”