ಹಾಡಿದಷ್ಟೂ ಏರಿದ ಬೆಲೆ

"ಗುರುವೇ, ಬದುಕಿಕೊಳ್ಳುವುದಕ್ಕಾಗಿ ಒಂದೇ ಒಂದು ಸಲ ಸುಳ್ಳಾಗಿ ಹಾಡಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

ಗುರು ನಕ್ಕ.

"ನಾನು ಅಕ್ಷರ ಕಲಿತವನಲ್ಲಪ್ಪ. ಆದರೆ ಓದಿದವರು ಕನಸಲ್ಲೂ ಕಾಣದ ನಾಡನ್ನು ನೋಡಿ ಬಂದಿದ್ದೇನೆ. ನಾನು ಹೊರಟೆನೆಂದರೆ ಸಮುದ್ರವೇ ಚಾಪೆಯಂತೆ ಸುತ್ತಿಕೊಂಡು ದಾರಿ ಬಿಡುತ್ತಿತ್ತು. ಆಚೆ ದಡದಲ್ಲಿ ಅಮೆರಿಕ. ಅಲ್ಲಿ ಹತ್ತಿ ಮೋಡದಂತೆ ನೆಲದ ಮೇಲೆ ಮಲಗಿರುತ್ತದೆ. ಆಗ ಅಲ್ಲಿ ಮನುಷ್ಯರನ್ನು ದನದಂತೆ ಮಾರುತ್ತಿದ್ದರು. ಹಾಗೆ ಮಾರಾಟವಾದವರಲ್ಲಿ ಒಬ್ಬ ಉಳುವವನಿದ್ದ. ಕೂಸಾಗಿದ್ದಾಗಲೇ ಅವನನ್ನು ಆಫ್ರಿಕಾದಿಂದ ಹಿಡಿದು ತಂದಿದ್ದರು.

"ಅವನಿಗೂ ನನ್ನ ಹಾಗೆ ಓದು ಬರದು. ನೇಗಿಲ ಹಿಂದೆ ನಡೆಯುತ್ತ ಪದ ಕಟ್ಟುತ್ತಿದ್ದ. ಎತ್ತಿನ ಹೆಜ್ಜೆಯೇ ತಾಳ. ರಜೆಯ ದಿನ ಪಟ್ಟಣದ ಪಾಠಶಾಲೆಯ ಯುವಕರು ಬಂದು, 'ನನ್ನ ಹುಡುಗಿಗೊಂದು ಪದ ಹೇಳೋ' ಎನ್ನುವರು. ನಾಲ್ಕು ಕಾಸು ಕೊಟ್ಟು, ಬರೆದುಕೊಂಡು ಹೋಗಿ ತಮ್ಮದೆಂದು ಕಳಿಸುವರು. ಪಟ್ಟಣದ ಅರ್ಧ ಮದುವೆಗಳು ಅವನ ಪದದ ಮೇಲೇ ನಡೆದವು. ಆ ಮನೆಗಳ ಕೂಸುಗಳು ಅತ್ತರೂ ರಾಗವಾಗಿ ಅಳುತ್ತಿದ್ದವು, ನಾನೇ ಕೇಳಿದ್ದೇನೆ.

"ಒಡೆಯ ಒಪ್ಪಿದರೆ ಆಳು ತನ್ನ ಬೆಲೆ ತೆತ್ತು ಬಿಡುಗಡೆಯಾಗಬಹುದು, ಅದು ಅಲ್ಲಿನ ಪದ್ಧತಿ. ಯುವಕರು ಕೊಟ್ಟ ಕಾಸನ್ನೆಲ್ಲ ಗಂಟು ಕಟ್ಟಿ ಇವನು ಒಡೆಯನ ಮುಂದೆ ಇಟ್ಟ.

"'ಇದು ಉಳುವವನ ಬೆಲೆ ಕಣೋ. ನೀನು ಕವಿ. ನಿನ್ನ ಬೆಲೆ ಬೇರೆ' ಎಂದ ಒಡೆಯ.

"ಮತ್ತೆ ಹಾಡಿದ, ಮತ್ತೆ ಕೂಡಿಸಿದ. ಪದ ಯಾರದೆಂಬ ಗುಟ್ಟು ಊರಿಗೆಲ್ಲ ಹಬ್ಬಿ, ಹಾಡಿದಷ್ಟೂ ಹೆಸರು ಏರಿತು. ಹೆಸರಿನ ಬೆನ್ನಿಗೇ ಬೆಲೆಯೂ ಏರಿತು. ಕೊನೆಗೆ, 'ಒಡೆಯಾ, ನಾನು ಕವಿಯೇ ಅಲ್ಲ, ಬರೀ ಆಳು' ಎಂದ.

"'ಊರ ದೊಡ್ಡವರ ಮುಂದೆ ಹಾಡು. ಅವರು ನೀನು ಕವಿಯಲ್ಲ ಎಂದರೆ ಈ ಗಂಟೇ ಸಾಕು, ಹೊರಡು' ಎಂದ ಒಡೆಯ.

"ಒಡೆಯನ ಮನೆಯ ಅಡುಗೆಯ ಮುದುಕಿ ಅವನ ಕಿವಿ ಹಿಂಡಿದಳು. 'ಜಾಣತನ ತೋರಿಸಬೇಡವೋ ಮಂಕೆ. ಕತ್ತೆಯ ಹಾಗೆ ಅರಚು. ಸಂಜೆಗೆ ನಿನ್ನ ಕಾಲು ನಿನ್ನದು.'

"'ಕತ್ತೆಗೇ ನಾಚಿಕೆಯಾಗಬೇಕು, ಹಾಗೆ ಅರಚುತ್ತೇನೆ ಅಜ್ಜಿ' ಎಂದ.

"ದೊಡ್ಡವರು ಬಂದು ಕೂತರು. ಅವರಲ್ಲಿ ಹಿರಿಯನು, 'ನಿನ್ನ ತಾಯಿಯ ಮೇಲೊಂದು ಪದ ಕಟ್ಟು' ಎಂದ.

"ಇವನು ಅರಚಲೆಂದೇ ಬಾಯಿ ತೆರೆದ. ಕಣ್ಣು ತಾನಾಗಿ ಮುಚ್ಚಿತು.

"'ಅಮ್ಮಾ, ನಿನ್ನ ಮುಖ ಮರೆತೆ. ನಾನು ಮಲಗಿದ್ದಾಗ ಬಿಸಿಲಿಗೆ ಅಡ್ಡ ಹಿಡಿದ ನಿನ್ನ ಅಂಗೈ ಮರೆತಿಲ್ಲ. ಈಗಲೂ ಕಣ್ಣು ಮುಚ್ಚಿದರೆ ನೆರಳು ಬೀಳುತ್ತದೆ.'

"ಹೊಳೆ ನಿಂತಿತು. ಹತ್ತಿಯೆಲ್ಲ ಗಿಡ ಬಿಟ್ಟು ಮೆಲ್ಲಗೆ ಆಕಾಶಕ್ಕೆ ತೇಲಿತು. ಎತ್ತುಗಳು ಅತ್ತವು, ಅವುಗಳ ಕಣ್ಣೊರೆಸಿದವನು ನಾನೇ. ದೊಡ್ಡವರು ಎದ್ದು ನಿಂತು 'ಕವಿ' ಎಂದರು. ಒಡೆಯ ಬೆಲೆಯನ್ನು ಇನ್ನೂ ಏರಿಸಿದ. ಇವನು ನೇಗಿಲಿಗೆ ಮರಳಿದ. ಅಲ್ಲೇ ಮುದುಕನಾದ."

ಶಿಷ್ಯನಿಗೆ ಸಿಟ್ಟು ಬಂತು. "ಎಂಥ ದಡ್ಡ! ನಾಲ್ಕು ಮಾತು ಕೆಟ್ಟದಾಗಿ ಅಂದಿದ್ದರೆ ಮನೆಗೆ ಹೋಗುತ್ತಿದ್ದನಲ್ಲ?"

"ಹೆತ್ತವಳನ್ನೇ ಸುಳ್ಳು ಮಾಡಿ ಯಾರ ಮನೆಗೆ ಹೋಗುತ್ತಿದ್ದನಪ್ಪಾ?" ಎಂದ ಗುರು.